ಬಣ್ಣದ ಕಾಂಕ್ರೀಟ್ ನೆಲ ಕೆಟ್ಟಿದೆಯೇ? ಮತ್ತೆ ಸೀಲರ್ ಹಚ್ಚುವ ಮೊದಲು ದೋಷ ಹುಡುಕಿ

ನೆಲ ಮಂಕಾಯಿತು ಅಂದ ಕೂಡಲೇ ಪೇಂಟ್ ಅಂಗಡಿಗೆ ಹೋಗಿ ಒಂದು ಡಬ್ಬ ಸೀಲರ್ (ನೀರು, ಕಲೆ ಇಳಿಯದಂತೆ ನೆಲಕ್ಕೆ ಹಚ್ಚುವ ರಕ್ಷಣೆಯ ದ್ರವ) ತಂದು ಹಚ್ಚಿಬಿಡುವವರು ಜಾಸ್ತಿ. ಸ್ವಲ್ಪ ದಿನ ಚೆನ್ನಾಗಿ ಹೊಳೆಯುತ್ತದೆ. ಆಮೇಲೆ ಅದೇ ಜಾಗದಲ್ಲಿ ಅದೇ ಬಿಳಿ ಕಲೆ, ಅದೇ ಸಿಪ್ಪೆ. ಈಗ ಕಿತ್ತು ತೆಗೆಯಬೇಕಾದ ಪದರ ಒಂದಲ್ಲ, ಎರಡು.

ಇಂಥ ನೆಲಗಳಲ್ಲಿ ಬರುವ ಬಹುಪಾಲು ತೊಂದರೆಗಳ ಮೂಲ ಎರಡೇ. ಒಂದು, ನೆಲದೊಳಗಿನ ತೇವ ಹೊರಗೆ ಬರಲು ದಾರಿ ಸಿಗದೆ ಸೀಲರ್‌ನ ಅಡಿಯಲ್ಲಿ ನಿಂತಿರುತ್ತದೆ. ಇನ್ನೊಂದು, ಸೀಲರ್ ಹಿಡಿಯಲಾಗದ ಮೇಲ್ಮೈಗೆ ಯಾರೋ ಸೀಲರ್ ಹಚ್ಚಿರುತ್ತಾರೆ. ನಿಮ್ಮ ಮನೆಯದು ಇವೆರಡರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ರೋಲರ್ ಮುಟ್ಟಬೇಡಿ. ಪರೀಕ್ಷೆಗೆ ದೊಡ್ಡ ಸಾಮಾನೇನೂ ಬೇಡ. ನೀರು, ವಿನೆಗರ್, ಹತ್ತಿ, ಸ್ವಲ್ಪ ಜೈಲೀನ್ (ಪೇಂಟ್ ಕರಗಿಸುವ ದ್ರವ), ಅಂಟು ಟೇಪು ಮತ್ತು ಒಂದು ಪ್ಲಾಸ್ಟಿಕ್ ಹಾಳೆ ಸಾಕು.

ಮೊದಲು, ಬಣ್ಣ ಎಲ್ಲಿದೆ?

ನಮ್ಮ ಕಡೆ ಬಣ್ಣದ ಸಿಮೆಂಟ್ ನೆಲ ಅಂದರೆ ಮೂರು ಬಗೆ. ಮೂರರಲ್ಲೂ ಬಣ್ಣ ಕೂತಿರುವ ಜಾಗ ಬೇರೆ. ಹಾಗಾಗಿ ಕೆಡುವ ರೀತಿಯೂ ಬೇರೆ.

ಹಳೆಯ ಮನೆಗಳ ಕೆಂಪು ಗಾರೆ ನೆಲ, ಅಂದರೆ ರೆಡ್ ಆಕ್ಸೈಡ್ ನೆಲದಲ್ಲಿ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಸಿಮೆಂಟಿಗೇ ಬೆರೆಸಿ ಮೇಲಿನ ಪದರ ಹಾಕಿ ಕರಣೆಯಿಂದ ತಿಕ್ಕಿರುತ್ತಾರೆ. ಬಣ್ಣ ಆ ಪದರದ ಪೂರ್ತಿ ಆಳಕ್ಕೂ ಇರುತ್ತದೆ. ಸ್ವಲ್ಪ ಸವೆದರೂ ಕೆಂಪೇ ಕಾಣುತ್ತದೆ.

ಎರಡನೆಯದು ಆಸಿಡ್ ಸ್ಟೇನ್. ಹೊಸ ವಿಲ್ಲಾ, ಕೆಫೆ, ಹೋಮ್‌ಸ್ಟೇಗಳಲ್ಲಿ ಕಂದು, ಹಸಿರು, ಜೇನು ಬಣ್ಣದ ಮೋಡ ಮೋಡದಂಥ ನೆಲ ನೋಡಿರುತ್ತೀರಿ, ಅದೇ ಇದು. ಲೋಹದ ಲವಣಗಳನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಗಟ್ಟಿಯಾದ ಕಾಂಕ್ರೀಟ್ ಮೇಲೆ ಹಚ್ಚುತ್ತಾರೆ. ಕಾಂಕ್ರೀಟಿನಲ್ಲಿರುವ ಸುಣ್ಣದ ಜೊತೆ ಅದು ರಾಸಾಯನಿಕವಾಗಿ ಬೆರೆತು ಬಣ್ಣವಾಗುತ್ತದೆ. ಬಣ್ಣ ಕಾಂಕ್ರೀಟಿನ ಭಾಗವೇ ಆಗಿಬಿಡುವುದರಿಂದ ಸಿಪ್ಪೆ ಏಳುವುದಿಲ್ಲ. ಆದರೆ ಅದರ ಆಳ ಒಂದೆರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಮಷಿನ್ ಇಟ್ಟು ಉಜ್ಜಿದರೆ ಹೋಯಿತು.

ಮೂರನೆಯದು ನೀರಿನ ಆಧಾರದ ಸ್ಟೇನ್. ಇದು ಸಣ್ಣ ಬಣ್ಣದ ಕಣಗಳನ್ನು ರಂಧ್ರಗಳಲ್ಲಿ ಕೂರಿಸುತ್ತದೆ, ಅಷ್ಟೇ. ಮೇಲಿನ ಸೀಲರ್ ಸವೆದರೆ ಬಣ್ಣವೂ ಬೇಗ ಸವೆಯುತ್ತದೆ.

ನೆಲ ಯಾವುದು ಅಂತ ಗೊತ್ತಿಲ್ಲದಿದ್ದರೆ ಬಾಗಿಲ ಹಿಂದೆಯೋ ಬೀರುವಿನ ಅಡಿಯಲ್ಲೋ ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಸ್ವಲ್ಪ ಕೆರೆಯಿರಿ. ಆಳದಲ್ಲೂ ಅದೇ ಬಣ್ಣ ಬಂದರೆ ಗಾರೆ. ಕೆರೆದ ಕೂಡಲೇ ಬೂದು ಸಿಮೆಂಟ್ ಕಂಡರೆ ಸ್ಟೇನ್.

ಮೇಲೆ ಏನು ಹಚ್ಚಿದ್ದಾರೆ?

ಇದು ಗೊತ್ತಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಸರಿ ಬೀಳುವುದಿಲ್ಲ. ಮನೆ ಕಟ್ಟಿಸಿದವರಿಗೆ ನೆನಪಿರುವುದಿಲ್ಲ, ಮೇಸ್ತ್ರಿ ಸಿಗುವುದಿಲ್ಲ. ನೆಲವನ್ನೇ ಕೇಳಬೇಕು.

ಒಂದು ಚಮಚ ನೀರು ಸುರಿದು ಹತ್ತು ನಿಮಿಷ ಬಿಡಿ. ನೀರು ಹೀರಿಕೊಂಡು ನೆಲ ಕಪ್ಪಾದರೆ ಅಲ್ಲಿ ರಕ್ಷಣೆ ಏನೂ ಉಳಿದಿಲ್ಲ. ನೀರು ನಿಂತರೆ ಏನೋ ಇದೆ. ಹೊಳಪೇ ಇಲ್ಲದೆ ನೀರು ಮುತ್ತಿನಂತೆ ನಿಂತರೆ ಅದು ಬಹುಶಃ ಒಳಗೆ ಇಳಿಯುವ ಸೈಲೇನ್ ಅಥವಾ ಸಿಲಾಕ್ಸೇನ್ ಬಗೆಯ ಸೀಲರ್. ಈ ಪರೀಕ್ಷೆಯನ್ನು ಒಂದೇ ಕಡೆ ಮಾಡಿದರೆ ಪ್ರಯೋಜನವಿಲ್ಲ. ಜನ ಓಡಾಡುವ ದಾರಿ, ಗೋಡೆ ಬದಿ, ಕಿಟಕಿ ಕೆಳಗೆ, ಹೀಗೆ ನಾಲ್ಕಾರು ಕಡೆ ಮಾಡಿ.

ಆಮೇಲೆ ಜೈಲೀನ್ ಪರೀಕ್ಷೆ. ಹತ್ತಿಯನ್ನು ಜೈಲೀನ್‌ನಲ್ಲಿ ಅದ್ದಿ ನೆಲದ ಮೇಲೆ 20 ಸೆಕೆಂಡ್ ಒತ್ತಿ ಹಿಡಿಯಿರಿ. ನೆಲ ಅಂಟಂಟಾಗಿ ಹತ್ತಿಯ ಎಳೆಗಳು ಹಿಡಿದುಕೊಂಡರೆ ಅದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನಂಥ ತೆಳು ಪದರ ಕಟ್ಟುವ ಸೀಲರ್. ಏನೂ ಆಗದಿದ್ದರೆ, ಆದರೆ ಹೊಳೆಯುವ ಪದರ ಮಾತ್ರ ಇದ್ದರೆ, ಅದು ಎಪಾಕ್ಸಿ ಅಥವಾ ಪಾಲಿಯುರೆಥೇನ್ ಎಂಬ, ಇನ್ನೂ ಗಟ್ಟಿ ಪದರದ ಸೀಲರ್. ಉಗುರಿನಿಂದ ಕೆರೆದಾಗ ಮೆತ್ತನೆಯ ಬಿಳಿ ಸಿಪ್ಪೆ ಬಂದರೆ ಮೇಣ. ಜೈಲೀನ್ ಬದಲು ಟರ್ಪೆಂಟೈನ್ ಬಳಸಿದರೆ ಉತ್ತರ ತಪ್ಪಾಗುತ್ತದೆ. ಅದು ಮೇಣವನ್ನು ಕರಗಿಸುತ್ತದೆ, ಅಕ್ರಿಲಿಕ್ ಅನ್ನು ಸರಿಯಾಗಿ ಕರಗಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಜೈಲೀನ್ ಆವಿ ಸುಮಾರು 27ರಿಂದ 32 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಕೋಣೆಯ ಬಿಸಿಯೇ ಅದಕ್ಕಿಂತ ಜಾಸ್ತಿ ಇರುತ್ತದೆ. ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಿದು ಪಕ್ಕದ ಕೋಣೆಗೂ ಹೋಗುತ್ತದೆ. ದೇವರ ಮನೆಯ ದೀಪ, ಊದುಬತ್ತಿ, ಗ್ಯಾಸ್ ಒಲೆ, ಗೀಸರ್ ಎಲ್ಲ ಆರಿಸಿ, ಕಿಟಕಿ ತೆರೆದು ಆಮೇಲೆ ಡಬ್ಬದ ಮುಚ್ಚಳ ತೆಗೆಯಿರಿ. ಧೂಳಿನ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಇಡೀ ಕೋಣೆ ಮಾಡುವಾಗ ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಮಕ್ಕಳು, ಬಸುರಿಯರು, ಉಬ್ಬಸ ಇರುವವರು ಆ ದಿನ ಮನೆಯಲ್ಲಿರಬಾರದು.

ನೆಲ ಬೆಳ್ಳಗಾಗಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದು, ಅತಿ ಹೆಚ್ಚು ತಪ್ಪು ಚಿಕಿತ್ಸೆ ಆಗುವುದೂ ಇದಕ್ಕೇ. ಯಾಕೆಂದರೆ ಬಿಳಿ ಎನ್ನುವ ಒಂದೇ ಲಕ್ಷಣದ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಮೊದಲ ಪ್ರಶ್ನೆ ಹೀಗಿರಲಿ: ಬಿಳಿ ಸೀಲರ್‌ನ ಮೇಲಿದೆಯೋ, ಸೀಲರ್‌ನ ಒಳಗಿದೆಯೋ, ಅಡಿಯಲ್ಲಿದೆಯೋ? ಉಗುರಿನಿಂದ ಕೆರೆದು ನೋಡಿ. ಪುಡಿ ಬಂದರೆ ಮೇಲಿದೆ. ಬೆರಳು ನುಣ್ಣಗೆ ಜಾರಿದರೂ ಬಿಳಿ ಕಾಣುತ್ತಿದ್ದರೆ ಒಳಗೋ ಅಡಿಯಲ್ಲೋ ಇದೆ.

ಪುಡಿ ಬಂತು ಅನ್ನಿ. ಅದನ್ನು ಕೆರೆದು ಒಂದು ಗಾಜಿನ ತಟ್ಟೆಗೆ ಹಾಕಿ, ಮೇಲೆ ಎರಡು ಹನಿ ವಿನೆಗರ್ ಬಿಡಿ. ನೆಲದ ಮೇಲೆಯೇ ವಿನೆಗರ್ ಹಾಕಿ ನೋಡುವವರಿದ್ದಾರೆ, ಅದು ಸರಿಯಲ್ಲ. ಬರೀ ಸಿಮೆಂಟಿಗೂ ವಿನೆಗರ್ ತಾಕಿದರೆ ಗುಳ್ಳೆ ಬರುತ್ತದೆ, ಉತ್ತರ ಸಿಗುವುದಿಲ್ಲ, ನೆಲಕ್ಕೂ ಕಲೆ. ತಟ್ಟೆಯಲ್ಲಿ ಬುಸಬುಸ ನೊರೆ ಬಂದರೆ ಪುಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಅದು ಎರಡು ದಾರಿಯಿಂದ ಬಂದಿರಬಹುದು. ಕಲೆ ಎಲ್ಲಿದೆ ಅನ್ನುವುದು ದಾರಿ ಹೇಳುತ್ತದೆ.

ಕುಂಡಗಳ ಸುತ್ತ ಬಳೆಯಾಕಾರ, ನಲ್ಲಿ ಕೆಳಗೆ, ಒರೆಸುವ ಬಟ್ಟೆ ಎಳೆದ ದಿಕ್ಕಿಗೆ ಪಟ್ಟೆ ಪಟ್ಟೆಯಾಗಿ ಇದ್ದರೆ ಅದು ಬೋರ್‌ವೆಲ್ ನೀರಿನ ಗಡಸು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ, ಕೋಲಾರದ ಕಡೆಯಲ್ಲಿ ಇದು ದಿನನಿತ್ಯದ ವಿಷಯ. ನೆಲಕ್ಕೆ ಏನೂ ಆಗಿಲ್ಲ. ಸೀಲರ್ ಗಟ್ಟಿಯಾಗಿದ್ದರೆ ಒಂದು ಭಾಗ ವಿನೆಗರ್‌ಗೆ ಹತ್ತು ಭಾಗ ನೀರು ಬೆರೆಸಿ ಬಟ್ಟೆಯಿಂದ ಒರೆಸಿ, ಕೂಡಲೇ ಒಳ್ಳೆಯ ನೀರಿನಿಂದ ಇನ್ನೊಮ್ಮೆ ಒರೆಸಿ ಒಣಗಿಸಿ. ಸೀಲರ್ ಇಲ್ಲದ ಗಾರೆ ನೆಲಕ್ಕೆ ಈ ಉಪಾಯ ಬೇಡ. ಮಳೆನೀರು ಕೊಯ್ಲಿನ ತೊಟ್ಟಿ ಇದ್ದರೆ ನೆಲ ಒರೆಸಲು ಆ ನೀರು ಇಟ್ಟುಕೊಳ್ಳಿ, ತೊಂದರೆ ಬುಡದಲ್ಲೇ ನಿಲ್ಲುತ್ತದೆ.

ಗೋಡೆಯ ಬುಡ, ಬಿರುಕುಗಳ ಉದ್ದ, ಸ್ನಾನದ ಮನೆಯ ಪಕ್ಕ, ಮಳೆಗಾಲದ ನಂತರ ಬಿಳಿ ಹೂವು ಅರಳಿದಂತೆ ಬಂದರೆ ಅದು ಕಾಂಕ್ರೀಟಿನೊಳಗಿನ ಸುಣ್ಣ. ನೆಲದೊಳಗೆ ಓಡಾಡುವ ನೀರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ನೀರು ಆರಿಹೋಗುತ್ತದೆ. ಉಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಗಟ್ಟಿಯಾಗುತ್ತದೆ. ಹೊಸ ನೆಲದಲ್ಲಿ ಇದು ಒಂದೆರಡು ಸಲ ಬಂದು ನಿಂತುಹೋಗಬಹುದು. ಹಳೆಯ ನೆಲದಲ್ಲಿ ಈಗ ಹೊಸದಾಗಿ ಶುರುವಾಗಿದ್ದರೆ ಎಲ್ಲೋ ಪೈಪ್ ಒಸರುತ್ತಿದೆ, ಇಲ್ಲವೇ ಹೊರಗಿನ ಮಣ್ಣು ಮನೆಯ ನೆಲಮಟ್ಟಕ್ಕಿಂತ ಮೇಲೇರಿದೆ. ಮೊದಲು ಅದನ್ನು ಸರಿಮಾಡಿಸಿ. ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ, ವ್ಯಾಕ್ಯೂಮ್ ಇದ್ದರೆ ಎಳೆದು ತೆಗೆಯಿರಿ. ಒದ್ದೆ ಬಟ್ಟೆ ಹಾಕಿದರೆ ಕರಗುವ ಉಪ್ಪು ಮತ್ತೆ ಒಳಗೆ ಇಳಿದು ನಾಳೆ ಮತ್ತೆ ಮೇಲೆ ಬರುತ್ತದೆ.

ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಆಸಿಡ್ ಬಿಳಿಯನ್ನು ತೆಗೆಯುವುದು ನಿಜ. ಅದರ ಜೊತೆ ಬಣ್ಣ ಕೂತಿರುವ ಸಿಮೆಂಟ್ ಪದರವನ್ನೂ ತಿನ್ನುತ್ತದೆ. ಸ್ಟೇನ್ ಮಾಡಿದ ನೆಲದಲ್ಲಿ ಆ ಜಾಗ ಬೇರೆಯಾಗಿಯೇ ಕಾಣುತ್ತದೆ. ಅದನ್ನು ಮತ್ತೆ ಹೊಂದಿಸುವುದು ತುಂಬಾ ಕಷ್ಟ.

ಇನ್ನು ಪುಡಿ ಬಾರದ ಬಿಳಿ. ಸೀಲರ್ ಹಚ್ಚಿದ ಅದೇ ದಿನ ಅಥವಾ ಮರುದಿನ ಇಡೀ ನೆಲ ಹಾಲಿನಂತೆ ಮಂಜಾಗಿದ್ದರೆ ಹವೆಯ ತೇವ ಒದ್ದೆ ಸೀಲರ್ ಮೇಲೆ ಕೂತಿದೆ. ಮಳೆಗಾಲದ ಮಂಗಳೂರಿನಲ್ಲಿ, ಚಳಿಗಾಲದ ಮುಂಜಾನೆ ಇಬ್ಬನಿ ಬಿದ್ದಾಗ ಹಚ್ಚಿದರೆ ಹೀಗಾಗುತ್ತದೆ. ನೀರಿನ ಆಧಾರದ ಸೀಲರ್ ಆಗಿದ್ದರೆ ಗಾಬರಿ ಬೇಡ, ಒಣಗುವವರೆಗೆ ಅದು ಹಾಲಿನಂತೆಯೇ ಇರುತ್ತದೆ. ಗಾಳಿ ಆಡುವಂತೆ ಮಾಡಿ ಕಾಯಿರಿ. ಸಾಲ್ವೆಂಟ್ (ಜೈಲೀನ್‌ನಂಥ ಕರಗಿಸುವ ದ್ರವ) ಆಧಾರದ ಅಕ್ರಿಲಿಕ್ ಆಗಿದ್ದರೆ ಒಂದು ಅಡಿ ಜಾಗದಲ್ಲಿ ಜೈಲೀನ್ ತೆಳ್ಳಗೆ ಹಚ್ಚಿ ರೋಲರ್ ಎಳೆಯಿರಿ. ಪದರ ಮತ್ತೆ ಕರಗಿ, ಸಿಕ್ಕಿಹಾಕಿಕೊಂಡ ತೇವ ಹೊರಟು ಹೋಗಿ, ನೆಲ ತಿಳಿಯಾಗುತ್ತದೆ. ಒಂದು ದಿನ ಬಿಟ್ಟು ನೋಡಿ. ತಿಳಿಯಾಗಿಯೇ ಉಳಿದರೆ ಪೂರ್ತಿ ಕೋಣೆಗೆ ಹೀಗೇ ಮಾಡಬಹುದು, ಹೊಸ ಸೀಲರ್ ಬೇಕಿಲ್ಲ.

ತಿಂಗಳುಗಟ್ಟಲೆ ಚೆನ್ನಾಗಿದ್ದು ಆಮೇಲೆ ಅಲ್ಲಲ್ಲಿ ಬೆಳ್ಳಗಾಗಿದ್ದರೆ, ಜೈಲೀನ್‌ನಿಂದ ತಿಳಿಯಾದದ್ದು ಮತ್ತೆ ಬೆಳ್ಳಗಾದರೆ, ನೆಲದ ಅಡಿಯಿಂದ ತೇವ ಬರುತ್ತಲೇ ಇದೆ. ಜೈಲೀನ್ ಹಚ್ಚಿದರೂ ಬಿಳಿ ಸ್ವಲ್ಪವೂ ಕದಲದಿದ್ದರೆ ಸುಣ್ಣ ಸೀಲರ್‌ನ ಅಡಿಯಲ್ಲಿ ಬೀಗ ಹಾಕಿಕೊಂಡಿದೆ. ಎರಡಕ್ಕೂ ಮದ್ದು ಒಂದೇ: ಪದರ ಕಿತ್ತು, ತೇವದ ಲೆಕ್ಕ ಮುಗಿಸಿ, ಆಮೇಲೆ ಮುಂದಿನ ಮಾತು.

ತೇವದ ಪರೀಕ್ಷೆ

ಇದಕ್ಕೆ ಎಎಸ್‌ಟಿಎಂ ಡಿ4263 ಎಂಬ ಅಮೆರಿಕದ ಮಾನದಂಡವೇ ಇದೆ. ಮಾಡುವುದು ಸುಲಭ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಅಂಟಿಸಿ. ಕಡಿಮೆ ಅಂದರೆ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಕೆಳಮೈಯಲ್ಲಿ ನೀರಿನ ಹನಿ ಇದ್ದರೆ, ಅಥವಾ ನೆಲ ಕಪ್ಪಾಗಿದ್ದರೆ, ತೇವ ಕೆಳಗಿನಿಂದ ಬರುತ್ತಿದೆ. ಸೀಲರ್ ಇರುವ ಜಾಗದಲ್ಲಿ ಇದು ಸರಿಯಾಗಿ ಹೇಳುವುದಿಲ್ಲ. ಆ ಚೌಕದಷ್ಟು ಸೀಲರ್ ತೆಗೆದೇ ಮಾಡಬೇಕು. ನೇರ ಬಿಸಿಲು ಬೀಳುವ ಕಡೆಯೂ ಬೇಡ.

ಬೇಸಿಗೆಯಲ್ಲಿ ಪಾಸಾದ ನೆಲ ಆಗಸ್ಟ್‌ನಲ್ಲಿ ಫೇಲಾಗಬಹುದು. ಮಲೆನಾಡು, ಕರಾವಳಿಯಲ್ಲಿ ನೆಲಮಹಡಿಯ ಕೋಣೆಗಳಿಗೆ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಸಲ ಮಾಡಿ ನೋಡುವುದು ಒಳ್ಳೆಯದು. ಅಡಿಯಲ್ಲಿ ತೇವ ತಡೆಯುವ ಹಾಳೆ ಹಾಕದೆ ಕಟ್ಟಿದ ಹಳೆಯ ಮನೆಗಳಲ್ಲಿ ತೇವ ನಿಲ್ಲಿಸಲು ಆಗುವುದೇ ಇಲ್ಲ. ಅಂಥ ಕಡೆ ಪದರ ಕಟ್ಟುವ ಸೀಲರ್ ಯಾವುದೂ ಬಾಳುವುದಿಲ್ಲ. ಎಪಾಕ್ಸಿ ಅಂತೂ ಬೇಡವೇ ಬೇಡ. ಒಳಗೆ ಇಳಿದು ಆವಿಯನ್ನು ಹೊರಗೆ ಬಿಡುವ ಸೈಲೇನ್, ಸಿಲಾಕ್ಸೇನ್ ಬಗೆಯದು ಹಚ್ಚಿ, ಇಲ್ಲವೇ ತೆಳ್ಳಗೆ ಮೇಣ ಹಾಕಿ. ಹೊಳಪು ಕಡಿಮೆ ಇರುತ್ತದೆ. ಆದರೆ ನೆಲ ಉಸಿರಾಡುತ್ತದೆ, ವರ್ಷ ವರ್ಷ ಕಿತ್ತು ಹಚ್ಚುವ ಗೋಳು ಇರುವುದಿಲ್ಲ. ನನ್ನ ಮಟ್ಟಿಗೆ ಅದೇ ಚೆಂದ.

ಸಿಪ್ಪೆ ಏಳುತ್ತಿದೆ

ಎದ್ದ ಸಿಪ್ಪೆಯನ್ನು ಗುಡಿಸಿ ಎಸೆಯಬೇಡಿ. ತಿರುಗಿಸಿ ಅದರ ಕೆಳಮೈ ನೋಡಿ. ಈ ದೋಷದ ಪೂರ್ತಿ ಕಥೆ ಅಲ್ಲೇ ಇರುತ್ತದೆ.

ಕೆಳಮೈಗೆ ಬೂದು ಅಥವಾ ಬಣ್ಣದ ಪುಡಿ ಅಂಟಿದ್ದರೆ ಸೀಲರ್ ನೆಲವನ್ನು ಹಿಡಿದಿಲ್ಲ, ನೆಲದ ಮೇಲಿದ್ದ ಧೂಳನ್ನು ಹಿಡಿದಿದೆ. ಆಸಿಡ್ ಸ್ಟೇನ್ ನೆಲಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಸ್ಟೇನ್ ಆದ ಮೇಲೆ ಸರಿಯಾಗಿ ತೊಳೆಯದಿರುವುದು. ಬಣ್ಣ ಹಿಡಿದ ಮೇಲೆ ಉಳಿದ ಕಸರನ್ನು ಅಡುಗೆ ಸೋಡಾ ಅಥವಾ ಅಮೋನಿಯಾ ಬೆರೆಸಿದ ನೀರಿನಿಂದ ತಟಸ್ಥ ಮಾಡಿ, ಬಟ್ಟೆಗೆ ಬಣ್ಣ ಹತ್ತದಷ್ಟು ಹೊತ್ತು ಉಜ್ಜಿ ತೊಳೆಯಬೇಕು. ಗುತ್ತಿಗೆದಾರರು ಆತುರದಲ್ಲಿ ಬಿಡುವ ಹೆಜ್ಜೆ ಇದೇ.

ಕೆಳಮೈ ಗಾಜಿನಂತೆ ನುಣುಪಾಗಿದ್ದು ಏನೂ ಅಂಟಿರದಿದ್ದರೆ ನೆಲವೇ ತೀರಾ ನುಣುಪು. ಕರಣೆಯಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ ಗಾರೆಯಲ್ಲಿ ರಂಧ್ರಗಳೇ ಮುಚ್ಚಿಹೋಗಿರುತ್ತವೆ. ಸೀಲರ್‌ಗೆ ಬೇರು ಬಿಡಲು ಜಾಗವಿಲ್ಲ. ಎಣ್ಣೆ, ಮೇಣ ಇದ್ದರೂ ಹೀಗೇ ಆಗುತ್ತದೆ. ಕೆಳಮೈ ಒದ್ದೆಯಾಗಿದ್ದರೆ ಅಥವಾ ಬಿಳಿ ಹರಳು ಕಂಡರೆ ಕಾರಣ ತೇವ. ಮೇಲೆ ಹೇಳಿದ ಪ್ಲಾಸ್ಟಿಕ್ ಪರೀಕ್ಷೆಗೆ ಹೋಗಿ. ಸಿಪ್ಪೆಯ ಕೆಳಗೆ ಇನ್ನೊಂದು ಹೊಳೆಯುವ ಪದರ ನೆಲದಲ್ಲೇ ಉಳಿದಿದ್ದರೆ ಹೊಸ ಸೀಲರ್ ಹಳೆಯದರ ಜೊತೆ ಹೊಂದಿಲ್ಲ. ಎಪಾಕ್ಸಿ ಮೇಲೆ ಉಜ್ಜದೆ ಅಕ್ರಿಲಿಕ್ ಹಚ್ಚಿದರೆ, ಮೇಣದ ಮೇಲೆ ಏನನ್ನೇ ಹಚ್ಚಿದರೆ ಆಗುವುದು ಇದೇ.

ಸಿಪ್ಪೆ ಎದ್ದದ್ದು ಒಂದು ಮೂಲೆಯಲ್ಲಿ ಮಾತ್ರವಾದರೆ ಉಳಿದ ನೆಲ ಗಟ್ಟಿ ಇದೆಯೇ ಅಂತ ಟೇಪಿನಿಂದ ನೋಡಿ. ಬ್ಲೇಡಿನಿಂದ ಕತ್ತರಿ ಗುರುತು ಹಾಕಿ, ಗಟ್ಟಿ ಅಂಟು ಟೇಪನ್ನು ಒತ್ತಿ ಅಂಟಿಸಿ, ಒಮ್ಮೆಲೇ ಕೀಳಿ. ಸೀಲರ್ ಟೇಪಿನ ಜೊತೆ ಬಂದರೆ ಅಲ್ಲೂ ಹಿಡಿತವಿಲ್ಲ. ಇಂಥ ನೆಲಕ್ಕೆ ಮೇಲೊಂದು ಕೋಟ್ ಕೊಟ್ಟರೆ ಹೊಸದು ಹಳೆಯದನ್ನೂ ಎಳೆದುಕೊಂಡು ಏಳುತ್ತದೆ. ಪೂರ್ತಿ ತೆಗೆಯಲೇಬೇಕು.

ತೆಗೆಯುವ ದಾರಿ ಸೀಲರ್ ನೋಡಿಕೊಂಡು. ಅಕ್ರಿಲಿಕ್ ಆದರೆ ಜೈಲೀನ್‌ನಲ್ಲಿ ನೆನೆಸಿದ ಹಳೆ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸುವುದು, ಅಥವಾ ಪೇಂಟ್ ಸ್ಟ್ರಿಪ್ಪರ್ ಬಳಸುವುದು. ಎಪಾಕ್ಸಿ, ಪಾಲಿಯುರೆಥೇನ್‌ಗೆ ಗಟ್ಟಿ ಸ್ಟ್ರಿಪ್ಪರ್ ಬೇಕು, ಕೆಲವೊಮ್ಮೆ ಮಷಿನ್ನೇ ಗತಿ. ಮಷಿನ್ ಇಟ್ಟರೆ ಆಸಿಡ್ ಸ್ಟೇನಿನ ಬಣ್ಣ ಹೋಗುತ್ತದೆ ಅನ್ನುವುದನ್ನು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ. ಮೇಣವನ್ನು ಟರ್ಪೆಂಟೈನ್ ಬಟ್ಟೆಯಿಂದ, ಬಟ್ಟೆ ಬದಲಿಸುತ್ತಾ ತೆಗೆಯಿರಿ. ಆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಬಯಲಿನಲ್ಲಿ ಹರಡಿ ಒಣಗಿಸಿ.

ಗುಳ್ಳೆ, ಜಿಗುಟು, ಟೈರ್ ಗುರುತು

ಸಣ್ಣ ಗುಳ್ಳೆಗಳಿಗೆ ಕಾರಣ ಹೆಚ್ಚಾಗಿ ಬಿಸಿಲು ಮತ್ತು ದಪ್ಪ ಕೋಟ್. ಬಿಸಿ ನೆಲದ ಮೇಲೆ ಹಚ್ಚಿದಾಗ ಮೇಲಿನ ಮೈ ಬೇಗ ಒಣಗಿ ಮುಚ್ಚಿಕೊಳ್ಳುತ್ತದೆ. ಒಳಗಿನ ಸಾಲ್ವೆಂಟ್ ಮತ್ತು ರಂಧ್ರಗಳ ಗಾಳಿ ಹೊರಗೆ ಬರಲು ಹೋಗಿ ಗುಳ್ಳೆಯಾಗಿ ನಿಲ್ಲುತ್ತದೆ. ಅಕ್ರಿಲಿಕ್‌ನಲ್ಲಾದರೆ ಸಂಜೆ ತಂಪು ಹೊತ್ತಿನಲ್ಲಿ ಜೈಲೀನ್ ರೋಲ್ ಮಾಡಿದರೆ ಸರಿಹೋಗುತ್ತದೆ. ಬೇರೆ ಬಗೆಯದಾದರೆ ಉಜ್ಜಿ ಮತ್ತೆ ಹಚ್ಚಬೇಕು.

ವಾರ ಕಳೆದರೂ ನೆಲ ಜಿಗುಟಾಗಿದ್ದರೆ, ಎರಡು ಭಾಗ ಬೆರೆಸುವ ಸೀಲರ್‌ನಲ್ಲಿ ಅಳತೆ ತಪ್ಪಿದೆ, ಅಥವಾ ಅಡಿಯಲ್ಲಿ ಎಣ್ಣೆ ಇದೆ. ಎರಡರಲ್ಲೂ ಕಿತ್ತು ತೆಗೆಯದೆ ಬೇರೆ ದಾರಿಯಿಲ್ಲ.

ಕಾರ್ ನಿಲ್ಲಿಸುವ ಪೋರ್ಚಿನಲ್ಲಿ ಕಪ್ಪು ಟೈರ್ ಗುರುತು, ಅಥವಾ ಟೈರಿನ ಆಕಾರಕ್ಕೇ ಸೀಲರ್ ಕಿತ್ತುಬರುವುದು ಅಕ್ರಿಲಿಕ್‌ನ ಹುಟ್ಟುಗುಣ. ಓಡಿ ಬಂದ ಬಿಸಿ ಟೈರಿನ ರಬ್ಬರಿನಿಂದ ಎಣ್ಣೆಯಂಥ ಅಂಶ ಹೊರಬಂದು ಸೀಲರನ್ನು ಮೆತ್ತಗೆ ಮಾಡುತ್ತದೆ. ಗುರುತು ಅಳಿಸಬಹುದು, ಮತ್ತೆ ಬರುತ್ತದೆ. ಪೋರ್ಚಿಗೆ ಪಾಲಿಯುರೆಥೇನ್ ಅಥವಾ ಪದರವಿಲ್ಲದ ಸೀಲರ್ ಸರಿ. ಮೆಟ್ಟಿಲು, ಪೋರ್ಚು, ಅಂಗಳಕ್ಕೆ ಕೊನೆಯ ಕೋಟಿನಲ್ಲಿ ಜಾರದಿರಲು ಹಾಕುವ ನುಣ್ಣನೆಯ ಪುಡಿಯನ್ನು ಬೆರೆಸಲೇಬೇಕು. ಮಳೆಗಾಲದಲ್ಲಿ ಹೊಳೆಯುವ ನೆಲದ ಮೇಲೆ ವಯಸ್ಸಾದವರು ಜಾರಿ ಬಿದ್ದರೆ ಯಾವ ಹೊಳಪೂ ಅದಕ್ಕೆ ಸಮ ಅಲ್ಲ.

ಬಣ್ಣ ಹೋಗಿದೆ ಅನಿಸಿದರೆ

ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಒದ್ದೆಯಾದಾಗ ಬಣ್ಣ ಮೊದಲಿನಂತೆ ಗಾಢವಾಗಿ ಕಂಡರೆ ಬಣ್ಣ ಅಲ್ಲೇ ಇದೆ, ಸೀಲರ್ ಮಾತ್ರ ಸವೆದಿದೆ. ಸಂತೋಷಪಡಿ, ಇದು ಅತಿ ಸುಲಭದ ರಿಪೇರಿ. ಒದ್ದೆಯಾದರೂ ಬೂದುಬೂದಾಗಿ ಕಂಡರೆ ಬಣ್ಣವೇ ಹೋಗಿದೆ.

ಅಡುಗೆಮನೆ ಮತ್ತು ಊಟದ ಜಾಗದಲ್ಲಿ ಬಿಳಿಚಿದ ಗುಂಡು ಕಲೆಗಳಿದ್ದರೆ ನಿಂಬೆರಸ, ಹುಣಸೆ ನೀರು, ಮಜ್ಜಿಗೆ ಚೆಲ್ಲಿ ಹಾಗೇ ಬಿಟ್ಟದ್ದು. ಹುಳಿ ಯಾವುದೇ ಇರಲಿ ಸಿಮೆಂಟನ್ನು ತಿನ್ನುತ್ತದೆ. ಅದು ಕಲೆಯಲ್ಲ, ಸವೆತ. ತೊಳೆದರೆ ಹೋಗುವುದಿಲ್ಲ. ಅರಿಶಿನದ ಕಲೆಯ ಕಥೆ ಬೇರೆ. ಸೋಪು, ಸೋಡಾ ತಾಕಿದರೆ ಅರಿಶಿನ ಕೆಂಪಾಗುತ್ತದೆ, ನೋಡಿ ಹೆದರಬೇಡಿ. ಬಿಸಿಲು ಬಿದ್ದರೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ, ಕಿಟಕಿ ಪರದೆ ಕೆಲವು ದಿನ ಸರಿಸಿಡಿ.

ಸೀಲರ್ ಇರುವ ನೆಲದ ಮೇಲೆ ಮತ್ತೆ ಆಸಿಡ್ ಸ್ಟೇನ್ ಹಚ್ಚಲು ಆಗುವುದಿಲ್ಲ. ಅದಕ್ಕೆ ಬರಿಯ ಕಾಂಕ್ರೀಟಿನ ಸುಣ್ಣ ಸಿಗಬೇಕು. ಸಣ್ಣ ಜಾಗಕ್ಕೆ ಬಣ್ಣ ಬೆರೆಸಿದ ಸೀಲರ್ ಅಥವಾ ನೀರಿನ ಸ್ಟೇನ್ ಹಚ್ಚಿ ಹೊಂದಿಸುವುದು ಜಾಣತನ. ಮೊದಲು ಕಾಣದ ಮೂಲೆಯಲ್ಲಿ ಮಾಡಿ, ಪೂರ್ತಿ ಒಣಗಿದ ಮೇಲೆ ಬಣ್ಣ ನೋಡಿ ತೀರ್ಮಾನ ಮಾಡಿ.

ಹಳೆಯ ಕೆಂಪು ಗಾರೆ ನೆಲಕ್ಕೆ ಪ್ರತ್ಯೇಕ ಮಾತು

ಈ ನೆಲಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಹಾಗಾಗಿ ಗಟ್ಟಿಯಾಗಿ ಹೇಳುತ್ತೇನೆ: ಚೆನ್ನಾಗಿರುವ ಹಳೆಯ ಗಾರೆ ನೆಲಕ್ಕೆ ಅಕ್ರಿಲಿಕ್, ಎಪಾಕ್ಸಿ ಹಚ್ಚಬೇಡಿ. ಹತ್ತಾರು ವರ್ಷ ಕಾಲು ತಾಕಿ, ಬಟ್ಟೆ ತಾಕಿ ಬಂದ ಹೊಳಪು ಅದಕ್ಕಿದೆ. ಪ್ಲಾಸ್ಟಿಕ್ ಪದರ ಹಚ್ಚಿದರೆ ಆ ಹೊಳಪು ಮುಚ್ಚುತ್ತದೆ, ಮೈ ನುಣುಪಾದ್ದರಿಂದ ಸಿಪ್ಪೆಯೂ ಏಳುತ್ತದೆ.

ಇಂಥ ನೆಲ ಮಂಕಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ವರ್ಷಗಳ ಫಿನೈಲ್ ಮತ್ತು ಸೋಪಿನ ಪದರ. ಬಿಸಿನೀರು, ಸೌಮ್ಯವಾದ ಸೋಪು, ಮೆತ್ತನೆ ಬ್ರಷ್ ಹಾಕಿ ಒಂದು ಚದರ ಅಡಿ ತೊಳೆದು ಒಣಗಿಸಿ ನೋಡಿ. ಅಷ್ಟರಲ್ಲೇ ಕೆಂಪು ತೆರೆದುಕೊಂಡರೆ ಬೇರೇನೂ ಬೇಡ.

ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುವುದು ನಮ್ಮಲ್ಲಿ ಹಳೆಯ ರೂಢಿ. ತೀರಾ ತೆಳ್ಳಗೆ ಹಚ್ಚಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿದರೆ ತೊಂದರೆ ಇಲ್ಲ. ಆದರೆ ಕೊಬ್ಬರಿ ಎಣ್ಣೆ ಗಾಳಿಗೆ ಗಟ್ಟಿಯಾಗುವ ಎಣ್ಣೆಯಲ್ಲ. ಜಾಸ್ತಿ ಹಚ್ಚಿದರೆ ಹಾಗೇ ಉಳಿದು ಧೂಳು ಹಿಡಿಯುತ್ತದೆ. ಓಡಾಡುವ ದಾರಿ ಕಪ್ಪಾಗುವುದು ಇದರಿಂದಲೇ. ನೆಲಕ್ಕೆ ಹಚ್ಚುವ ಮೇಣದ ಪಾಲಿಶ್ ಇದಕ್ಕಿಂತ ಒಳ್ಳೆಯದು. ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಬಟ್ಟೆಯಿಂದ ಉಜ್ಜಿ.

ಕಾಲಿಗೆ ಕೆಂಪು ಪುಡಿ ಹತ್ತುತ್ತಿದ್ದರೆ ನೆಲದ ಮೈ ದುರ್ಬಲ. ಹೊಸದಾಗಿ ಹಾಕಿಸಿದ್ದಾದರೆ ಬಣ್ಣದ ಪುಡಿ ಜಾಸ್ತಿ ಬೆರೆಸಿರಬಹುದು, ಸಿಮೆಂಟಿನ ತೂಕದ ನೂರಕ್ಕೆ 10 ಭಾಗ ಮೀರಿದರೆ ಮೈ ಸಡಿಲವಾಗುತ್ತದೆ. ಇಲ್ಲವೇ ಮೊದಲ ವಾರ ಸರಿಯಾಗಿ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿರುವುದಿಲ್ಲ. ಇದಕ್ಕೆ ಲಿಥಿಯಂ ಅಥವಾ ಸೋಡಿಯಂ ಸಿಲಿಕೇಟ್ ದ್ರಾವಣ ಹಚ್ಚಿಸಿ. ಅದು ನೆಲದೊಳಗಿನ ಸುಣ್ಣದ ಜೊತೆ ಸೇರಿ ಸಿಮೆಂಟಿನಂಥದೇ ಗಟ್ಟಿ ವಸ್ತುವಾಗಿ ರಂಧ್ರ ತುಂಬುತ್ತದೆ. ಮೇಲೆ ಉಳಿದದ್ದನ್ನು ಒಣಗುವ ಮೊದಲು ಒರೆಸಿ ತೆಗೆಯಬೇಕು, ಬಿಟ್ಟರೆ ಬಿಳಿ ಕಟ್ಟುತ್ತದೆ. ಎಣ್ಣೆ, ಮೇಣ ಇರುವ ನೆಲದಲ್ಲಿ ಇದು ಒಳಗೆ ಇಳಿಯುವುದೇ ಇಲ್ಲ.

ಕೂದಲೆಳೆಯಂಥ ಬಿರುಕುಗಳನ್ನು ಹಾಗೇ ಬಿಡಿ. ತುಂಬಿದ ಗೆರೆ ಬಿರುಕಿಗಿಂತ ಎದ್ದು ಕಾಣುತ್ತದೆ. ಅಗಲವಾಗುತ್ತಾ ಹೋಗುವ, ಒಂದು ಬದಿ ತಗ್ಗಿದ ಬಿರುಕಿಗೆ ಮಾತ್ರ ಇಂಜಿನಿಯರನ್ನು ಕರೆಸಿ, ಅದು ನೆಲ ಕುಸಿಯುತ್ತಿರುವ ಲಕ್ಷಣ.

ದೋಷ ಸಿಕ್ಕಿತು, ಈಗ ಮತ್ತೆ ಸೀಲ್ ಮಾಡುವುದು

ಕಾಲ ಮುಖ್ಯ. ಬೆಂಗಳೂರು, ಮೈಸೂರು ಕಡೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಕರಾವಳಿಯಲ್ಲಿ ಮಳೆ ಪೂರ್ತಿ ನಿಂತು ಡಿಸೆಂಬರ್ ಬರಲಿ. ನೆಲದ ಬಿಸಿ 10ರಿಂದ 32 ಡಿಗ್ರಿ ಒಳಗಿರಲಿ. ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕಡಿಮೆ ಅಂದರೂ 3 ಡಿಗ್ರಿ ಮೇಲಿರಬೇಕು. ಸರಳವಾಗಿ ಹೇಳಬೇಕೆಂದರೆ ಇಬ್ಬನಿ ಪೂರ್ತಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಹೊಸ ಕಾಂಕ್ರೀಟ್ ಆದರೆ 28 ದಿನ ಮುಗಿದಿರಲಿ.

ನೆಲವನ್ನು ಪಿಎಚ್ ತಟಸ್ಥವಾಗಿರುವ ಕ್ಲೀನರ್‌ನಿಂದ ತೊಳೆದು, ಬರೀ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಒಂದೆರಡು ದಿನ ಚೆನ್ನಾಗಿ ಒಣಗಲು ಬಿಡಿ. ಕಣ್ಣಿಗೆ ಒಣಗಿದಂತೆ ಕಂಡರೂ ರಂಧ್ರಗಳಲ್ಲಿ ನೀರಿರುತ್ತದೆ. ಆತುರ ಬೇಡ.

ಅಕ್ರಿಲಿಕ್ ಸೀಲರ್ ಒಂದು ಲೀಟರಿಗೆ ಒಂದು ಕೋಟ್ ಸುಮಾರು 50ರಿಂದ 80 ಚದರ ಅಡಿ ಬರುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆಗೆ ಒಂದು ಕೋಟಿಗೆ ಎರಡು ಲೀಟರ್ ಹತ್ತಿರ. ಅದಕ್ಕಿಂತ ತುಂಬಾ ಜಾಸ್ತಿ ಖರ್ಚಾದರೆ ದಪ್ಪ ಹಚ್ಚುತ್ತಿದ್ದೀರಿ ಅಂತ ಅರ್ಥ. ಎರಡು ತೆಳು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡ ದಿಕ್ಕಿನಲ್ಲಿ. ನಡುವೆ ಎಷ್ಟು ಗಂಟೆ ಅನ್ನುವುದಕ್ಕೆ ಡಬ್ಬದ ಮೇಲಿನ ಮಾತೇ ಪ್ರಮಾಣ. ಹಳೆಯ ಅಕ್ರಿಲಿಕ್ ಗಟ್ಟಿಯಾಗಿದ್ದು ಬರೀ ಸವೆದಿದ್ದರೆ ಒಂದೇ ತೆಳು ಕೋಟ್ ಸಾಕು. ಹೊಸದು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಪಾಲಿಯುರೆಥೇನ್, ಎಪಾಕ್ಸಿ ಹಾಗೆ ಕರಗುವುದಿಲ್ಲ. ಅವುಗಳ ಮೇಲೆ ನುಣುಪು ಸ್ಯಾಂಡ್‌ಪೇಪರಿನಿಂದ ಹೊಳಪು ಮುರಿದು, ಧೂಳು ತೆಗೆದೇ ಹಚ್ಚಬೇಕು.

ಹೊರಗಿನ ನೆಲದಲ್ಲಿ ಅಕ್ರಿಲಿಕ್ ಒಂದರಿಂದ ಮೂರು ವರ್ಷ ಬಾಳುತ್ತದೆ. ಆದರೆ ಕ್ಯಾಲೆಂಡರ್ ನೋಡಿ ಹಚ್ಚಬೇಡಿ, ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿ. ನೀರು ಒಳಗೆ ಇಳಿಯದೆ ಮೇಲೆ ನಿಲ್ಲುತ್ತಿರುವಷ್ಟು ಕಾಲ ಸುಮ್ನೆ ಇರಿ. ಹಚ್ಚಿದ ಸೀಲರಿನ ಹೆಸರು, ಬಗೆ, ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಮೀಟರ್ ಬಾಕ್ಸಿನ ಬಾಗಿಲ ಒಳಮೈಗೆ ಅಂಟಿಸಿ. ಮುಂದಿನ ಸಲ ಜೈಲೀನ್ ಪರೀಕ್ಷೆಯೇ ಬೇಕಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಒಂದು ದಿನ ಬರಿಗಾಲಲ್ಲೂ ಓಡಾಡಬೇಡಿ. ಮೂರು ದಿನ ಮಂಚ, ಬೀರು ಎಳೆಯಬೇಡಿ, ಪೋರ್ಚಿಗೆ ಕಾರು ತರಬೇಡಿ. ರಬ್ಬರ್ ತಳದ ಕಾಲೊರಸು, ಕುಂಡದ ತಟ್ಟೆ ಇವನ್ನು ಎರಡು ಮೂರು ವಾರ ದೂರ ಇಡಿ. ಅವುಗಳ ಕೆಳಗೆ ಸೀಲರ್ ಒಣಗಲು ಗಾಳಿ ಸಿಗದೆ ಅದೇ ಆಕಾರದ ಬಿಳಿ ಗುರುತು ಬೀಳುತ್ತದೆ.